ಪಟ್ಟಿಯ ಒಂಬತ್ತನೇ ರಸ್ತೆ

ಬಾಳಪ್ಪನವರ ಮೇಲೆ ನನಗೆ ಮೊದಲಿಗೆ ಸಿಟ್ಟೇ ಇತ್ತು. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ನಮ್ಮ ಊರಲ್ಲಿ ಚಳಿಗಾಲಕ್ಕೆ ರಸ್ತೆಯ ಮೇಲೆ ಮರಳು ಚೆಲ್ಲುವ ಲಾರಿ ಇರುವುದು ಒಂದೇ ಒಂದು. ಅದನ್ನು ಓಡಿಸುವವರು ಕನ್ನಡದವರು, ಅದೂ ನಮ್ಮ ಪಕ್ಕದ ಮನೆಯವರು. ಹಾಗಿದ್ದ ಮೇಲೆ ನಮ್ಮ ಇಳಿಜಾರು ಬೀದಿಗೆ ನಾಲ್ಕು ಸಲಿಕೆ ಮರಳು ಹಾಕಿಸಿಕೊಳ್ಳುವುದು ಏನು ಮಹಾ ಎಂದುಕೊಂಡು ಒಂದು ಸಲ ಕೇಳಿಯೂ ಬಿಟ್ಟೆ.

"ಆಗೂದಿಲ್ರಿ ಅಕ್ಕಾರ. ನಮ್ಮ ಓಣಿ ಪಟ್ಟಿಯೊಳಗ ಇಲ್ಲ."

"ಪಟ್ಟಿ ಬರೆದಿದ್ದು ನೀವೇ ತಾನೇ?"

"ಅದಕ್ಕ ಆಗೂದಿಲ್ಲ ಅನ್ನಾಕತ್ತೀನ್ರಿ."

ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಗಂಡ ರಘುನಂದನ ವಾರವಿಡೀ ಹ್ಯೂಸ್ಟನ್ ಹತ್ತಿರದ ದ ವುಡ್‌ಲ್ಯಾಂಡ್ಸ್‌ನಲ್ಲಿ ಆಫೀಸು ಎಂದುಕೊಂಡು ಇರುತ್ತಾರೆ. ಅವರಿಗೆ ಫೋನ್ ಮಾಡಿ ಅರ್ಧ ಗಂಟೆ ಬೈದುಕೊಂಡೆ. ಎಲ್ಲ ಕೇಳಿಸಿಕೊಂಡು, "ಅವರು ಹೇಳಿದ್ದು ಸರಿಯಾಗೇ ಇದೆಯಲ್ಲ ಲೀಲಾ" ಎಂದರು. ಆಮೇಲೆ ಎರಡು ದಿನ ನಾನು ಅವರ ಫೋನೂ ಎತ್ತಲಿಲ್ಲ.

ನಾವಿರುವುದು ಮಿಲ್‌ಸ್ಟೋನ್ ಎಂಬ ಊರು. ಮೆಕಿನ್ನಿಯಿಂದ ಉತ್ತರಕ್ಕೆ ಹದಿನಾಲ್ಕು ಮೈಲಿ. ಡಲ್ಲಾಸ್ ಅಷ್ಟಷ್ಟೇ ಹಬ್ಬಿಕೊಂಡು ಬಂದು ಈಗ ನಮ್ಮ ಅಂಚು ಮುಟ್ಟಿದೆ. ಇಲ್ಲಿ ಬಿಸಿಲಿಗೇನೂ ಬರವಿಲ್ಲ. ಆದರೆ ಜನವರಿ, ಫೆಬ್ರವರಿಯಲ್ಲಿ ಒಂದೋ ಎರಡೋ ಸಲ ಆಕಾಶದಿಂದ ಮಳೆ ಹನಿಯಾಗಿ ಇಳಿದು, ನೆಲಕ್ಕೆ ಬಿದ್ದ ಕೂಡಲೇ ಗಾಜಾಗಿಬಿಡುತ್ತದೆ. ಹಿಮವಾದರೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ರಸ್ತೆ ಒದ್ದೆಯಾಗಿದೆ ಎಂದುಕೊಂಡು ಬ್ರೇಕು ಒತ್ತಿದವನು ಚರಂಡಿಯಲ್ಲಿರುತ್ತಾನೆ. ಉತ್ತರದ ರಾಜ್ಯಗಳ ಹಾಗೆ ನಮ್ಮಲ್ಲಿ ಸಾಲುಸಾಲು ಯಂತ್ರಗಳಿಲ್ಲ. ಉಪ್ಪುನೀರು ಸಿಂಪಡಿಸುವ ಒಂದು ಟ್ಯಾಂಕು, ಮರಳಿನ ಒಂದು ಲಾರಿ, ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬರು ಬಾಳಪ್ಪ.

ಅವರು ಧಾರವಾಡ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಹನ್ನೊಂದು ವರ್ಷ ಕಾರವಾರದ ಘಟ್ಟ. ಮಗಳು ಚಿತ್ರಾ ಮೆಕಿನ್ನಿಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದಳು, ಅಪ್ಪ ಅಮ್ಮನನ್ನು ಕರೆಸಿಕೊಂಡಳು. ಬಂದ ಮೂರನೇ ತಿಂಗಳಿಗೇ ಬಾಳಪ್ಪನವರಿಗೆ ಕೂತು ಕೂತು ತಲೆ ಕೆಟ್ಟುಹೋಯಿತಂತೆ. ಐವತ್ತನಾಲ್ಕನೇ ವಯಸ್ಸಿಗೆ ಇಂಗ್ಲಿಷ್ ಪುಸ್ತಕ ಬಾಯಿಪಾಠ ಮಾಡಿ ಲಾರಿ ಲೈಸೆನ್ಸ್ ತೆಗೆದುಕೊಂಡು, ನಮ್ಮ ಊರಿನ ರಸ್ತೆ ವಿಭಾಗಕ್ಕೆ ಸೇರಿದರು. ಆಮೇಲೆ ಚಿತ್ರಾಳ ಕೆಲಸ ಆಸ್ಟಿನ್‌ಗೆ ಶಿಫ್ಟ್ ಆಯಿತು. ನೀವೂ ಬನ್ನಿ ಎಂದು ಎಷ್ಟು ಕರೆದರೂ ಈ ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೂ "ಯಾವ ಕಂಪನಿ ಸಾರ್?" ಎಂದು ಕೇಳಿದರೆ, "ಮಿಲ್‌ಸ್ಟೋನ್ ಊರಿನ ಲಾರಿ ಓಡಸ್ತೀನ್ರಿ" ಎನ್ನುತ್ತಿದ್ದರು. ಕೇಳಿದವರು ಕೂಡಲೇ ತಮ್ಮ ತಟ್ಟೆಯ ಹೋಳಿಗೆಯ ಕಡೆ ಗಮನ ಕೊಡುತ್ತಿದ್ದರು. ಬಾಳಪ್ಪನವರಿಗೆ ಅದರಿಂದ ಏನೂ ಆಗುತ್ತಿರಲಿಲ್ಲ, ಆಗುತ್ತಿದ್ದುದು ನನಗೆ.

ಪಟ್ಟಿಯ ಕಥೆ ಹೀಗೆ. ಅವರು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಊರಿನವರು ಫೋನ್ ಮಾಡಿದ ಕಡೆಗೆಲ್ಲ ಲಾರಿ ಓಡುತ್ತಿತ್ತು. ಯಾರ ಗಂಟಲು ದೊಡ್ಡದೋ ಅವರ ಬೀದಿಗೆ ಮರಳು. ಬಾಳಪ್ಪ ಆ ಬೇಸಿಗೆಯಿಡೀ ರಜೆಯ ದಿನ ಊರು ಸುತ್ತಿದರು. ಯಾವ ಸೇತುವೆಯ ಕೆಳಗೆ ಗಾಳಿ ನುಗ್ಗುತ್ತದೆ, ಎಲ್ಲಿ ಮರದ ನೆರಳು ಮಧ್ಯಾಹ್ನದವರೆಗೂ ಬಿಡುವುದಿಲ್ಲ, ಎಲ್ಲಿ ಬೇಲಿಗೆ ಕಾರು ಗುದ್ದಿದ ಗುರುತಿದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡರು. ಹನ್ನೊಂದು ರಸ್ತೆಗಳಾದವು. ಮೊದಲು ಹಳ್ಳದ ಸೇತುವೆ, ಯಾಕೆಂದರೆ ಕೆಳಗೆ ನೆಲವಿಲ್ಲದ್ದೇ ಮೊದಲು ಹೆಪ್ಪುಗಟ್ಟುತ್ತದೆ. ಆಮೇಲೆ ಅಗ್ನಿಶಾಮಕ ಠಾಣೆ, ಶಾಲೆಯ ಏರು, ಹೀಗೆ. ಅದನ್ನು ಅವರ ಮೇಲಧಿಕಾರಿ ರಿಕ್ ಎಂಬಾತ ಇಂಗ್ಲಿಷಿಗೆ ಇಳಿಸಿ, ಊರಿನ ಆಫೀಸಿನ ಬಾಗಿಲಿಗೆ ಅಂಟಿಸಿದ.

"ಬಸ್ಸಿಗೆ ಸ್ಟಾಪ್ ಇದ್ದಂಗ್ರಿ ಇದು," ಎಂದಿದ್ದರು ಬಾಳಪ್ಪ. "ಮಂದಿ ನಿಂತಿರಲಿ, ಬಿಡಲಿ, ಅಲ್ಲಿಗೆ ಗಾಡಿ ಹೋಗಬೇಕು. ಇವತ್ತ ಒಂದ್ ಸ್ಟಾಪ್ ಬಿಟ್ರ ನಾಳೆ ಯಾರೂ ಬಸ್ಸು ನಂಬೂದಿಲ್ಲ."

ಐದು ಚಳಿಗಾಲ ಆ ಪಟ್ಟಿ ತಪ್ಪಲಿಲ್ಲ. ಊರಿನವರಿಗೆ ಅದು ಬಾಯಿಪಾಠವಾಗಿತ್ತು. ನನ್ನ ಸಿಟ್ಟೂ ಅಷ್ಟರಲ್ಲಿ ಇಳಿದಿತ್ತು, ಅದಕ್ಕೆ ಕಾರಣ ಅವರ ಹೆಂಡತಿ ಗುರವ್ವ. ನಾನು ಮೈಸೂರಿನವಳು, ಅವರ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಮಾತಿಗೆ ಅವರು ನಗುತ್ತಿದ್ದರು. ಪ್ಲೇನೋದ ಆಫೀಸಿನಿಂದ ನಾನು ನಿವೃತ್ತಳಾದ ಮೇಲೆ ದಿನಕ್ಕೆರಡು ಸಲ ಒಬ್ಬರ ಅಡಿಗೆಮನೆಯಲ್ಲಿ ಇನ್ನೊಬ್ಬರು ಇರುತ್ತಿದ್ದೆವು.

ಗುರವ್ವನಿಗೆ ಎರಡು ವರ್ಷದಿಂದ ಮೂತ್ರಪಿಂಡ ಕೈಕೊಟ್ಟಿತ್ತು. ಸೋಮವಾರ, ಬುಧವಾರ, ಶುಕ್ರವಾರ ಮೆಕಿನ್ನಿಯ ಡಯಾಲಿಸಿಸ್ ಕೇಂದ್ರಕ್ಕೆ ಹೋಗಿ ನಾಲ್ಕು ಗಂಟೆ ಕೂರಬೇಕು, ರಕ್ತ ಸೋಸಿಸಿಕೊಳ್ಳಬೇಕು. ಬಾಳೆಹಣ್ಣು, ಶೇಂಗಾ, ಕೊಬ್ಬರಿ ಎಲ್ಲ ಬಂದ್, ಅವುಗಳಲ್ಲಿನ ಪೊಟ್ಯಾಸಿಯಂ ರಕ್ತದಲ್ಲೇ ಉಳಿದರೆ ಹೃದಯಕ್ಕೆ ಅಪಾಯ. ಬಾಳಪ್ಪನವರಿಗೆ ಕೆಲಸವಿದ್ದ ದಿನ ನಾನು ಡ್ರೈವ್ ಮಾಡಿಕೊಂಡು ಕರೆದೊಯ್ಯುತ್ತಿದ್ದೆ.

ಈ ಸಲ ಸಂಕ್ರಾಂತಿ ಬುಧವಾರ ಬಂತು. ಶುಕ್ರವಾರ ಬೆಳಿಗ್ಗೆ ಹೊತ್ತಿಗೆ ಗಾಜಿನ ಮಳೆ ಎಂದು ಟಿ.ವಿ.ಯಲ್ಲಿ ಹೇಳಿಯಾಗಿತ್ತು. ಬಾಳಪ್ಪ ಎರಡು ದಿನ ಮೊದಲೇ ಸೇತುವೆಗಳಿಗೆ ಉಪ್ಪುನೀರು ಹೊಡೆಯಲು ಹೋಗಿದ್ದರು. ನೆಲ ಒಣಗಿದ್ದಾಗಲೇ ಅದನ್ನು ಹೊಡೆಯಬೇಕು, ಮಳೆ ಶುರುವಾದ ಮೇಲೆ ಹೊಡೆದರೆ ಕೊಚ್ಚಿ ಹೋಗುತ್ತದೆ. ನಾನು ಕಾರಿನ ಬೀಗದ ಕೈ ಹಿಡಿದು ಹೋದರೆ ಗುರವ್ವ ರೇಷ್ಮೆ ಸೀರೆ ಉಟ್ಟು ಕೂತಿದ್ದರು.

"ಇವತ್ತ ಬ್ಯಾಡ್ರಿ ಅಕ್ಕಾರ. ವರ್ಷದ ಹಬ್ಬದ ದಿನ ಸೂಜಿ ಚುಚ್ಚಿಸ್ಕೊಂಡು ರಕ್ತ ನೋಡ್ಕೋತ ಕೂಡ್ಲೇನು? ಶುಕ್ರವಾರ ಹೋಗೂಣು."

ನಾನು ಜಗಳ ಆಡಬೇಕಿತ್ತು. ಆಡಲಿಲ್ಲ. ಸಂಜೆ ನನ್ನ ಮನೆಗೂ ಎಂಟು ಜನ ಹೆಂಗಸರು ಎಳ್ಳು ಬೀರಲು ಬರುವವರಿದ್ದರು, ಅವರೆಕಾಳು ನೆನೆಹಾಕಿತ್ತು, ನನಗೂ ಅನುಕೂಲವೇ ಆಯಿತು. ಕೇಂದ್ರದವರಿಗೆ ನಾನೇ ಫೋನ್ ಮಾಡಿದೆ. ಆ ಹುಡುಗಿ ಪಾಪ, ಶುಕ್ರವಾರ ಮಂಜು ಬೀಳುತ್ತದೆ, ನಾಳೆ ಗುರುವಾರ ಒಂದೇ ಒಂದು ಕುರ್ಚಿ ಖಾಲಿ ಇದೆ, ಅದನ್ನು ಅವರಿಗೆ ಇಟ್ಟುಕೊಳ್ಳಲೇ ಎಂದು ಕೇಳಿದಳು. ಗುರವ್ವನಿಗೆ ಹೇಳಿದೆ.

"ನಾಳೆ ಕರಿ ಅಲ್ರೀ!" ಎಂದರು ಗಾಬರಿಯಿಂದ. "ಕರಿ ದಿನ ದವಾಖಾನಿಗೆ ಯಾರರೆ ಹೊರಡ್ತಾರೇನು?"

ಹಬ್ಬದ ಮರುದಿನದ ಕರಿಯನ್ನು ನಾನೇನೂ ನಂಬುವವಳಲ್ಲ. ಆದರೂ ಫೋನಿನಲ್ಲಿ "ಬೇಡ, ಶುಕ್ರವಾರವೇ ಬರುತ್ತೇವೆ" ಎಂದೆ. ಬಾಳಪ್ಪನವರಿಗೆ ಇಬ್ಬರೂ ಹೇಳಲಿಲ್ಲ. ಅವತ್ತು ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಾಳೆಹಣ್ಣು. ನಾನು ಕೊಟ್ಟ ಎಳ್ಳು ಬೆಲ್ಲದ ಪೊಟ್ಟಣವನ್ನು ಗುರವ್ವ ನನ್ನೆದುರಿಗೇ ಖಾಲಿ ಮಾಡಿದರು. ಒಂದು ದಿನಕ್ಕೆ ಏನಾಗುತ್ತೆ ಎಂದು ನಾನೂ ನಕ್ಕೆ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವರ ಮನೆಯಿಂದ ಫೋನು. ಮಾತಿಲ್ಲ, ಬರೀ ಏದುಸಿರು. ಹುಲ್ಲಿನ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತಾ ಹೋಗಿ ನೋಡಿದರೆ ಗುರವ್ವ ಸೋಫಾದಲ್ಲಿ ಕೂತೇ ಇದ್ದರು, ಮಲಗಲು ಆಗುತ್ತಿರಲಿಲ್ಲವಂತೆ. ಕಾಲು ದಿಂಬಿನ ಹಾಗೆ ಊದಿತ್ತು. ಕಾಫಿ ಲೋಟ ಹಿಡಿಯಲು ಕೈಯಲ್ಲಿ ಶಕ್ತಿಯಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಎಲ್ಲವೂ ಹೆದ್ದಾರಿಯ ಅಪಘಾತಗಳಿಗೆ ಹೋಗಿವೆ, ಎರಡು ಗಂಟೆಯ ಮೇಲಾಗಬಹುದು ಎಂದರು. ಡಯಾಲಿಸಿಸ್ ಕೇಂದ್ರದವರು ಹತ್ತಕ್ಕೆ ತೆರೆಯುತ್ತೇವೆ, ಹನ್ನೊಂದರೊಳಗೆ ಬಂದವರಿಗೆ ಮಾತ್ರ ಎಂದರು. ನಮ್ಮ ಬೀದಿ ಮೇಲಿನಿಂದ ಕೆಳಗಿನವರೆಗೆ ಕನ್ನಡಿ. ಕಾರು ಇಳಿಸುವ ಮಾತೇ ಇಲ್ಲ.

ಬಾಳಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಬುಧವಾರದ್ದೂ, ಗುರುವಾರದ್ದೂ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಈಗ ಎರಡನೇದ್ರಾಗ ಅದೀನಿ," ಎಂದರು. "ನಮ್ಮ ಓಣಿ ಬುಡದ ದೊಡ್ಡ ರಸ್ತೆ ನಾಲ್ಕನೇದು. ಎಂಟಕ್ಕ ಅಲ್ಲಿರ್ತೀನಿ. ಬೂಟಿನ ಮ್ಯಾಲೆ ಉಣ್ಣಿ ಸಾಕ್ಸ್ ಹಾಕ್ಕೊಳ್ರಿ ಇಬ್ರೂ, ಜಾರೂದಿಲ್ಲ. ಆಕೀನ್ನ ಕೆಳಗ ಕರಕೊಂಡ್ ಬರ್ರಿ."

"ಲಾರೀನೇ ಮೇಲೆ ತನ್ನಿ ಅಂದ್ರೆ! ಹೆಂಡತಿ ರೀ ಅವರು!"

"ಇಪ್ಪತ್ತು ಟನ್ ಗಾಡಿ ಅಕ್ಕಾರ. ಅಲ್ಲಿ ಸಿಕ್ಕೊಂಡ್ರ ಊರಾಗ ಯಾರಿಗೂ ಗಾಡಿ ಇಲ್ಲ," ಎಂದು ಫೋನ್ ಇಟ್ಟರು.

ಎರಡು ಮನೆಯ ಕಾಲೊರಸುಗಳನ್ನೂ ತಂದೆ. ಒಂದನ್ನು ಹಾಸುವುದು, ಗುರವ್ವನನ್ನು ಅದರ ಮೇಲೆ ನಿಲ್ಲಿಸುವುದು, ಹಿಂದಿನದನ್ನು ಎತ್ತಿ ಮುಂದೆ ಹಾಸುವುದು. ನೂರೈವತ್ತು ಗಜ ಇಳಿಯಲು ಮುಕ್ಕಾಲು ಗಂಟೆಯಾಯಿತು. ನಡುವೆ ಎರಡು ಸಲ ಅವರು ನೆಲದಲ್ಲೇ ಕೂತುಬಿಟ್ಟರು. ಎಂಟಕ್ಕೆ ಸರಿಯಾಗಿ ಹಳದಿ ದೀಪ ತಿರುಗಿಸುತ್ತಾ ಲಾರಿ ಬಂತು. ಊರಿನ ಲಾರಿಯಲ್ಲಿ ಬೇರೆಯವರನ್ನು ಕೂರಿಸುವ ಹಾಗಿಲ್ಲ ಎಂದು ಅದರ ಬಾಗಿಲ ಮೇಲೇ ಬರೆದಿತ್ತು. ಬಾಳಪ್ಪ ಇಳಿದು, ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಕೂರಿಸಿದರು. ನಾನು ಅವರ ಪಕ್ಕ ತೂರಿಕೊಂಡೆ.

ಆಮೇಲೆ ಅವರು ಪಟ್ಟಿಯ ಪ್ರಕಾರವೇ ಹೋದರು. ನಾಲ್ಕು ಮುಗಿಸಿದರು, ಐದು ಮುಗಿಸಿದರು. ಲಾರಿಯ ಹಿಂದೆ ತಿರುಗುವ ತಟ್ಟೆಯಿಂದ ಮರಳು ಸಿಡಿಯುವ ಸದ್ದು, ಗಂಟೆಗೆ ಹದಿನೈದು ಮೈಲಿ. ಅವರ ಲೆಕ್ಕ, ಎಂಟು, ಒಂಬತ್ತನೇ ರಸ್ತೆ ಮುಗಿಸಿದರೆ ಹತ್ತನೆಯದೂ ಹನ್ನೊಂದನೆಯದೂ ಹೆದ್ದಾರಿಗೇ ಕೂಡುತ್ತವೆ, ಹೆದ್ದಾರಿಗೆ ರಾಜ್ಯದವರು ಮರಳು ಹಾಕಿದ್ದಾರೆ, ಕೇಂದ್ರ ಸಿಗುತ್ತದೆ ಎಂಬುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಗುರವ್ವ ಕಣ್ಣು ಮುಚ್ಚಿ ನನ್ನ ಭುಜಕ್ಕೆ ಒರಗಿದ್ದರು. ಒಂದು ಸಲ ಕಣ್ಣು ತೆರೆದು ಗಂಡನನ್ನು ಕೇಳಿದರು.

"ಸಿಟ್ಟ್ ಬಂದೈತೇನ್ರಿ?"

"ಸುಮ್ನಿರ," ಎಂದರು ಬಾಳಪ್ಪ.

ಎಂಟನೇ ರಸ್ತೆ ಮುಗಿಯುವಲ್ಲಿ ಒಂದು ಕವಲು. ಎಡಕ್ಕೆ ಒಂಬತ್ತನೆಯದು, ಹ್ಯಾಕ್‌ಬೆರಿ ರಸ್ತೆ. ಹಳ್ಳಕ್ಕೆ ಇಳಿದು ಏರುವ ಎರಡು ಮೈಲಿ, ಐದಾರು ತೋಟದ ಮನೆಗಳು, ಹೋಗಿ ಬರಲು ಅರ್ಧ ಗಂಟೆ. ಬಲಕ್ಕೆ ನೇರ ಹೆದ್ದಾರಿ. ಅಷ್ಟು ಹೊತ್ತಿಗೆ ಗುರವ್ವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೂಗಿದರೆ ಓಗೊಡುವುದಕ್ಕೆ ತಡವಾಗುತ್ತಿತ್ತು.

"ಬಾಳಪ್ಪನವರೇ, ಬಲಕ್ಕೆ ತಿರುಗಿಸಿ. ಒಂಬತ್ತು ಆಮೇಲೆ ಮಾಡಿ. ಐದು ಮನೆ ಇವೆ ಅಲ್ಲಿ, ಈ ಚಳೀಲಿ ಯಾರು ಹೊರಗೆ ಬರ್ತಾರೆ?"

ಅವರು ಲಾರಿ ನಿಲ್ಲಿಸಿದರು. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಎಡಕ್ಕೆ ನೋಡಿದರು, ಆಮೇಲೆ ಹೆಂಡತಿಯ ಮುಖ ನೋಡಿದರು. ಗಡಿಯಾರ ಒಂಬತ್ತೂ ನಲವತ್ತು ತೋರಿಸುತ್ತಿತ್ತು. ನಾನು ಇನ್ನೊಂದು ಸಲ, ಗಟ್ಟಿಯಾಗಿ, "ತಿರುಗಿಸಿ ರೀ!" ಎಂದೆ. ಬಾಳಪ್ಪ ಬಲಕ್ಕೆ ತಿರುಗಿಸಿದರು.

ಹತ್ತೂ ಐದಕ್ಕೆ ಕೇಂದ್ರ ಸೇರಿದೆವು. ಗುರವ್ವನನ್ನು ಕುರ್ಚಿಗೆ ಕೂರಿಸಿ ಯಂತ್ರಕ್ಕೆ ಜೋಡಿಸಿದರು. ರಕ್ತ ನೋಡಿದ ನರ್ಸು, ಹೃದಯ ಯಾವ ನಿಮಿಷದಲ್ಲಿ ಬೇಕಾದರೂ ನಿಂತುಹೋಗಬಹುದಿತ್ತು ಎಂದು ನನ್ನನ್ನು ಚೆನ್ನಾಗಿ ಬೈದಳು. ಇಪ್ಪತ್ತು ನಿಮಿಷಕ್ಕೆ ಗುರವ್ವನ ಮುಖಕ್ಕೆ ಬಣ್ಣ ಬಂತು. ನಾನು ಬಾಗಿಲ ಹತ್ತಿರ ನಿಂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅಷ್ಟರಲ್ಲಿ ಗುರವ್ವ ಪಕ್ಕದ ಖಾಲಿ ಕುರ್ಚಿ ತೋರಿಸಿ, "ವಾಲ್ಟರ್ ಯಾಕ ಬಂದಿಲ್ಲ?" ಎಂದರು.

ವಾಲ್ಟರ್ ಎಂಬತ್ತರ ಹತ್ತಿರದ ಮುದುಕ. ಎರಡು ವರ್ಷದಿಂದ ಇಬ್ಬರದೂ ಒಂದೇ ದಿನ, ಅಕ್ಕಪಕ್ಕದ ಕುರ್ಚಿ. ಅವನಿಗೆ ಕನ್ನಡ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಬಂದಾಗ ಒಂದು ಕೈ ಎತ್ತುವುದು, ಹೋಗುವಾಗ ಒಂದು ಕೈ ಎತ್ತುವುದು, ಅಷ್ಟೇ ಅವರ ಸ್ನೇಹ. ನಾನು ನರ್ಸನ್ನು ಕೇಳಿದೆ. ಬರುತ್ತೇನೆ ಎಂದು ಬೆಳಿಗ್ಗೆ ಫೋನ್ ಮಾಡಿದ್ದರು, ಮಿಲ್‌ಸ್ಟೋನ್ ಕಡೆಯವರು, ಹ್ಯಾಕ್‌ಬೆರಿ ರಸ್ತೆ ಎಂದಳು.

ಹೆಂಡತಿಯ ಕುರ್ಚಿಯ ಹಿಂದೆ ನಿಂತಿದ್ದ ಬಾಳಪ್ಪನವರಿಗೆ ಇದನ್ನು ನಾನು ಹೇಳಬೇಕಾಗಲಿಲ್ಲ. ರಸ್ತೆಯ ಹೆಸರು ಅವರ ಕಿವಿಗೆ ಬಿದ್ದದ್ದೇ ತಡ, ಹೊರಗೆ ಹೋದರು. ಲಾರಿ ಹೊರಟ ಸದ್ದು ಕೇಳಿಸಿತು.

ಹಳ್ಳದ ಇಳಿಜಾರಿನಲ್ಲಿ ವಾಲ್ಟರನ ಹಳೆಯ ಪಿಕಪ್ ಗಾಡಿ ರಸ್ತೆ ಬಿಟ್ಟು ಮರಕ್ಕೆ ಹೊಡೆದು ನಿಂತಿತ್ತು. ಮುದುಕನಿಗೆ ಎಚ್ಚರವಿತ್ತು, ಸೊಂಟ ಮುರಿದಿತ್ತು, ಪಕ್ಕೆಲುಬು ಮುರಿದಿತ್ತು. ಬಾಳಪ್ಪ ತಮ್ಮ ಕೋಟು ತೆಗೆದು ಹೊದಿಸಿ, ಆಂಬುಲೆನ್ಸ್ ಬರುವವರೆಗೆ ಅವನ ಕೈ ಹಿಡಿದು ಕೂತಿದ್ದರಂತೆ. ಭಾನುವಾರ ಆಸ್ಪತ್ರೆಯಲ್ಲಿ ವಾಲ್ಟರ್ ತೀರಿಹೋದ.

ಈಗ ಗಡಿಯಾರ ಹಿಡಿದು ಲೆಕ್ಕ ಹಾಕಿದರೆ, ಹ್ಯಾಕ್‌ಬೆರಿ ಮುಗಿಸಿಕೊಂಡು ಹೊರಟಿದ್ದರೂ ಹತ್ತೂ ಮೂವತ್ತೈದಕ್ಕೆ ನಾವು ಕೇಂದ್ರದಲ್ಲಿರುತ್ತಿದ್ದೆವು. ಗುರವ್ವ ಆ ಅರ್ಧ ಗಂಟೆ ತಡೆದುಕೊಳ್ಳುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು? ಡಾಕ್ಟರನ್ನು ಕೇಳಿದೆ. ಅವರೂ ಹೇಳಲಿಲ್ಲ.

ಪ್ರತಿ ರಸ್ತೆಯ ಹೆಸರಿನ ಮುಂದೆ ಮರಳು ಹಾಕಿದ ಹೊತ್ತು ಬರೆಯುವ ಹಾಳೆಯೊಂದು ರಸ್ತೆ ವಿಭಾಗದಲ್ಲಿದೆ, ಬಿಟ್ಟಿದ್ದರೆ ಕಾರಣವನ್ನೂ ಬರೆಯಬೇಕು. ರಿಕ್ ಒಳ್ಳೆಯವನು, ಮರಳು ಮುಗಿದಿತ್ತು ಎಂದು ಬರೆ ಅಂದನಂತೆ. ಬಾಳಪ್ಪ ಇದ್ದದ್ದನ್ನು ಬರೆದರು. ಊರಿನ ಆಫೀಸಿನವರು ಅವರಿಂದ ಲಾರಿ ಕಿತ್ತುಕೊಂಡು ರಸ್ತೆ ಗುಂಡಿ ಮುಚ್ಚುವ ಕೆಲಸ ಕೊಟ್ಟರು. ಮುಂದಿನ ವಾರ ನನ್ನ ಮನೆಯ ಬಾಗಿಲಿಗೆ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

"ವಾಲ್ಟರ್ ಮನಿಯಾಕಿ ಹತ್ರ ಹೋಗಬೇಕ್ರಿ. ನನ್ನ ಇಂಗ್ಲಿಷ್ ರಸ್ತಾದ್ದು. ಇಂಥ ಮಾತಿಗೆ ಸಾಲೂದಿಲ್ಲ. ನೀವು ಬರ್ರಿ."

ನನಗೆ ಹೋಗಲು ಮನಸ್ಸಿರಲಿಲ್ಲ, ಆದರೂ ಹೋದೆ. ಆಕೆಯ ಹೆಸರು ಡಾರ್ಲೀನ್. ಸಣ್ಣ ಹೆಂಗಸು, ಗಂಡನ ಸ್ವೆಟರ್ ತೊಟ್ಟುಕೊಂಡಿದ್ದಳು. ಒಳಗೆ ಕರೆದಳು. ಬಾಳಪ್ಪ ಹೋಗದೆ ಮೆಟ್ಟಿಲ ಕೆಳಗೇ ನಿಂತರು.

"ಹೇಳ್ರಿ ಅಕ್ಕಾರ. ಈ ರಸ್ತೆ ಒಂಬತ್ತನೇದು. ನಾ ಬರಬೇಕಾಗಿತ್ತು. ಹೆಂಡ್ತಿ ಸಲುವಾಗಿ ಬಿಟ್ಟು ಹೋದ್ನಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವತ್ತು ಮಂಜು ವಿಪರೀತ ಇತ್ತು, ಲಾರಿ ಇಲ್ಲಿಯವರೆಗೆ ಬರಲು ಆಗಲಿಲ್ಲ, ಇವರಿಗೆ ಬಹಳ ದುಃಖವಾಗಿದೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ನನಗೇ ಆಶ್ಚರ್ಯ.

"ನಾ ಹಂಗ ಅಂದಿಲ್ರಿ," ಎಂದರು ಬಾಳಪ್ಪ, ನನ್ನ ಕಡೆ ನೋಡದೆ. "ಇದ್ದದ್ದು ಹೇಳ್ರಿ."

ಆಗ ಇದ್ದದ್ದು ಹೇಳಿದೆ. ಕವಲು, ಎಡ, ಬಲ, ಗುರವ್ವನ ತುಟಿಯ ಬಣ್ಣ. ಕೊನೆಗೆ, ಬಲಕ್ಕೆ ತಿರುಗಿಸಿ ಎಂದು ಕೂಗಿದ್ದು ನಾನು, ಇವರಲ್ಲ ಎಂದೂ ಹೇಳಿದೆ. ಬಾಳಪ್ಪನವರಿಗೆ ಅದು ಅರ್ಥವಾಗಿರಬೇಕು, ತಲೆಯಲ್ಲಾಡಿಸಿದರು.

"ಸ್ಟೇರಿಂಗ್ ನನ್ನ ಕೈಯಾಗಿತ್ರಿ."

ಡಾರ್ಲೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಕಾದೆ.

"ವಾಲ್ಟರ್ ಹೊರಡೋದಕ್ಕೆ ಹೆದರಿದ್ದ," ಎಂದಳು. "ಮಧ್ಯಾಹ್ನ ಆಗಲಿ, ಬಿಸಿಲು ಬರಲಿ ಅಂದ. ನಾನೇ ಕೋಟು ಕೊಟ್ಟು ಕಳಿಸಿದೆ. ಹತ್ತು ಗಂಟೆ ಆಯ್ತು, ಮರಳು ಲಾರಿಯ ಆ ಮನುಷ್ಯ ಬಂದು ಹೋಗಿರ್ತಾನೆ, ಅವನು ಯಾವತ್ತೂ ತಪ್ಪಿಸಿಲ್ಲ ಅಂದೆ."

ಇದನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ, ತಿರುಗಿಸಬೇಕಾಗಲೂ ಇಲ್ಲ. ಬಾಳಪ್ಪ ಆಗಲೇ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು.